ಅಪ್ಪನ ಕೈಗೊಂದು ಹಿಡಿ

ತರಗತಿಯ ಮುಂದೆ ಡಾರ್ಲಾ ಪೆಟ್ಟಿಗೆ ತೆರೆಯುವ ಮೊದಲೇ ಅವಳಪ್ಪ ವೇಯ್ನ್ ಬಲಗೈ ಚಾಚಿ ನಿಂತಿದ್ದ. ಕಾರ್ಖಾನೆಯ ಪ್ರೆಸ್ಸು ಬೆರಳುಗಳನ್ನೆಲ್ಲ ನುಂಗಿ ಹೆಬ್ಬೆರಳೊಂದನ್ನೇ ಉಳಿಸಿದ ಕೈ ಅದು. ಎಡಗೈಯಲ್ಲಿ ಮನೆಯಿಂದ ತಂದ ಫೋರ್ಕು. ಅದನ್ನು ಆ ಕೈಗೆ ಕೂರಿಸುವ ಹಿಡಿಯನ್ನೇ ಮಗಳು ಕಾಲೇಜಿನ ಕೊನೆಯ ಪ್ರಾಜೆಕ್ಟಿಗೆಂದು ಕಂಪ್ಯೂಟರಿನಲ್ಲಿ ಡಿಸೈನ್ ಮಾಡಿ, ಪ್ಲಾಸ್ಟಿಕ್ಕಿನಲ್ಲಿ ಅಚ್ಚು ತೆಗೆಯುವ 3ಡಿ ಪ್ರಿಂಟರಿಗೆ ಕಳಿಸಿದ್ದಳು.

ಪೆಟ್ಟಿಗೆಯಿಂದ ಹೊರಬಂದದ್ದು ಬಟಾಣಿ ಕಾಳಿನಷ್ಟು ಪ್ಲಾಸ್ಟಿಕ್ಕು.

"ಇರುವೆಗೆ ಮಾಡಿದ್ದೇನೇ?" ಹಿಂದಿನಿಂದ ಯಾರೋ ಕೂಗಿದರು. ತರಗತಿ ಬಿದ್ದು ಬಿದ್ದು ನಕ್ಕಿತು.

"ನೀನು ಇಂಚಲ್ಲಿ ಅಳತೆ ಕೊಟ್ಟಿದೀಯ, ಪ್ರಿಂಟರ್ರು ಮಿಲಿಮೀಟರ್ ಅಂದ್ಕೊಂಡಿದೆ," ಎಂದರು ಓಸ್ಟ್ರಾಂಡರ್ ಮೇಡಂ. "ಕಳ್ಸೋ ಮುಂಚೆ ಇನ್ನೊಬ್ರಿಗೆ ತೋರಿಸು ಅಂದಿರ್ಲಿಲ್ವಾ?"

"ರೆಟ್‌ಗೆ ತೋರಿಸ್ದೆ ಮೇಡಂ. ಸರಿಯಾಗಿದೆ ಅಂದ. ಆಮೇಲೆ ನಾನೇ ಏನೋ ಕೆಡಿಸಿರ್ಬೇಕು."

ಅವಳ ಸಹಪಾಠಿ ರೆಟ್ ಹೌದೆಂದು ತಲೆಯಾಡಿಸಿದ. ಅವಳೇನೂ ಕೆಡಿಸಿರಲಿಲ್ಲ. ಆ ತಪ್ಪು ನಿನ್ನೆಯೇ ಅವನ ಕಣ್ಣಿಗೆ ರಾಚಿತ್ತು. ಡೆಟ್ರಾಯಿಟ್‌ನ ಒಂದು ಕಂಪನಿಯವರು ಈ ಪ್ರಾಜೆಕ್ಟುಗಳನ್ನು ನೋಡಿ ತರಗತಿಯಿಂದ ಒಬ್ಬರನ್ನಷ್ಟೇ ಕೆಲಸಕ್ಕೆ ತೆಗೆದುಕೊಳ್ಳುತ್ತಾರೆಂಬುದೂ ಅವನಿಗೆ ಗೊತ್ತಿತ್ತು. "ಸೂಪರಾಗಿದೆ, ಕಳ್ಸು," ಎಂದಿದ್ದ.

ವೇಯ್ನ್ ಆ ಕಾಳನ್ನು ಹೆಬ್ಬೆರಳ ತುದಿಯಲ್ಲಿಟ್ಟುಕೊಂಡು ನೋಡಿದ. "ಇರ್ಲಿ ಬಿಡು ಪುಟ್ಟಾ, ಚೆನ್ನಾಗಿದೆ," ಎಂದು ಫೋರ್ಕನ್ನು ಮೆಲ್ಲಗೆ ಜೇಬಿಗಿಳಿಸಿದ.

ಮುಂದಿನ ಸರದಿ ರೆಟ್‌ನದು. ಅವನ ಮಡಚುವ ದೀಪ ಒಂದೇ ಏಟಿಗೆ ಬಿಚ್ಚಿಕೊಂಡು ನಿಂತಿತು. ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವನು ವೇಯ್ನ್. "ನಮ್ ಹುಡುಗೀಗೆ ದಿನಾ ಸಹಾಯ ಮಾಡೋನು ಇವನೇ ಕಣ್ರೀ," ಎಂದು ಪಕ್ಕದವರಿಗೆ ಹೇಳುತ್ತ, ಬೆರಳಿಲ್ಲದ ಕೈಯನ್ನು ಇನ್ನೊಂದಕ್ಕೆ ಬಡಿಯುತ್ತಲೇ ಇದ್ದ.

ಸದ್ದೇ ಬಾರದ ಆ ಚಪ್ಪಾಳೆಗೆ ರೆಟ್ ನಗುತ್ತ ತಲೆಬಾಗಿದ.