ಮುಖಪುಟದ ಬಾಗಿಲು

ಬಾಗಿಲು ಎಲ್ಲಿರಬೇಕು ಎಂಬುದಕ್ಕೆ ಅಕ್ಕತಂಗಿಯರ ನಡುವೆ ಜಗಳ ಹತ್ತಿತ್ತು. ತಂಗಿ ಕಾಲೇಜಿನ ವಾರ್ಷಿಕ ಸಂಚಿಕೆಯ ವಿದ್ಯಾರ್ಥಿ ಸಂಪಾದಕಿ. ಅದರ ಮುಖಪುಟಕ್ಕೆ ಚಿತ್ರ ಬರೆಯುತ್ತಿದ್ದವಳು ಅಕ್ಕ. ಮನೆಯ ಮುಂಭಾಗದಲ್ಲೇ ಇದ್ದ ಹೊಲಿಗೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು. ಅದರ ಒಂದು ತುದಿಯಲ್ಲಿ ಶಾಲೆ ಮಕ್ಕಳ ಸಮವಸ್ತ್ರಗಳ ರಾಶಿ, ಇನ್ನೊಂದು ತುದಿಯಲ್ಲಿ ಬಣ್ಣದ ಬಟ್ಟಲುಗಳು, ನಡುವೆ ತಂಗಿಯ ಲ್ಯಾಪ್‌ಟಾಪು.

ಚಿತ್ರದಲ್ಲಿದ್ದದ್ದು ಕಾಲೇಜಿನ ಕಾರಿಡಾರು. ಆದರೆ ಅದರ ನೆಲದ ತುಂಬ ತೆಳ್ಳಗೆ ನೀರು ಹರಿಯುತ್ತಿತ್ತು. ಬೆಂಚುಗಳು ಅವಸರವಿಲ್ಲದ ದೋಣಿಗಳಂತೆ ತೇಲುತ್ತಿದ್ದವು. ಕಿಟಕಿಗಳಿಂದ ಬಿಸಿಲು ಬರುವ ಬದಲು ಬಿಳಿಯ ಹಕ್ಕಿಗಳು ಬರುತ್ತಿದ್ದವು. ಎಡಗಡೆ ಒಂದೇ ಒಂದು ಬಾಗಿಲು ಅರೆ ತೆರೆದಿತ್ತು. ಅದರ ಸಂದಿಯಿಂದ ಹಳದಿ ಸೋರಿ ನೀರಿಗೆ ಇಳಿದಿತ್ತು.

"ಬಾಗಿಲನ್ನ ಸ್ವಲ್ಪ ಬಲಕ್ಕೆ ತಳ್ಳೇ ಅಕ್ಕ. ಸಂಚಿಕೆ ಹೆಸರು ಅದರ ತಲೆ ಮೇಲೆ ಸರಿಯಾಗಿ ಕೂರುತ್ತೆ."

"ಅಕ್ಷರ ತಳ್ಕೋ. ಬಾಗಿಲು ಇರೋದೇ ಅಲ್ಲಿ."

"ಬರೆದೋಳು ನೀನೇ ತಾನೆ? ಅಳಿಸಿ ಬರೆದ್ರೆ ಏನು ಗಂಟು ಹೋಗುತ್ತೆ?"

ಅಕ್ಕ ಕುಂಚವನ್ನು ನೀರಿಗದ್ದಿ, ಬಣ್ಣ ಹೊಗೆಯಂತೆ ಬಿಚ್ಚಿಕೊಳ್ಳುವುದನ್ನೇ ನೋಡುತ್ತ ಕೂತಳು. "ಕನಸಲ್ಲಿ ಅದು ಅಲ್ಲೇ ಇರೋದು ಕಣೆ. ಆಗಾಗ ಬೀಳುತ್ತೆ. ಕ್ಲಾಸು ಶುರುವಾಗಿರುತ್ತೆ. ನಾನು ಚಪ್ಪಲಿ ಕೈಲಿ ಹಿಡ್ಕೊಂಡು ನೀರಲ್ಲಿ ಓಡ್ತಿರ್ತೀನಿ. ಒಳಗೆ ಹಾಜರಿ ಕೂಗ್ತಿರೋದು ಕೇಳುತ್ತೆ. ನನ್ನ ಹೆಸರು ಬರೋದ್ರೊಳಗೆ ಬಾಗಿಲು ಮುಟ್ಟಬೇಕು. ಇನ್ನೇನು ಮುಟ್ಟಿದೆ ಅನ್ನೋವಾಗ ಎಚ್ಚರ ಆಗ್ಬಿಡುತ್ತೆ."

ಅಮ್ಮ ಬಿದ್ದು ಸೊಂಟ ಮುರಿದುಕೊಂಡ ವರ್ಷ ಅಕ್ಕ ಇದೇ ಕಾಲೇಜಿನ ಓದನ್ನು ಎರಡನೇ ವರ್ಷದ ಅರ್ಧಕ್ಕೇ ಬಿಟ್ಟು, ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. "ಓದು ನನ್ನ ತಲೆಗೆ ಹತ್ತಲ್ಲ, ಪೀಡೆ ತೊಲಗಿತು ಬಿಡಿ" ಎಂದು ನಗುನಗುತ್ತಲೇ ಹೇಳಿದ್ದಳು. ಮನೆಯಲ್ಲಿ ಎಲ್ಲರೂ ಅದನ್ನು ನಂಬಿದ್ದರು. ನಂಬುವುದು ಎಲ್ಲರಿಗೂ ಅನುಕೂಲವಾಗಿತ್ತು.

ತಂಗಿ ಸಂಚಿಕೆಯ ಹೆಸರನ್ನು ಎಡಕ್ಕೆ, ಬಾಗಿಲ ಮೇಲಕ್ಕೆ ಸರಿಸಿದಳು. ಆಮೇಲೆ ಪರಿವಿಡಿಯ ಪುಟ ತೆರೆದಳು. ಅಲ್ಲಿ ಪ್ರತಿ ಹೆಸರಿನ ಎದುರು ಆಯಾ ವಿದ್ಯಾರ್ಥಿಯ ತರಗತಿ ಇತ್ತು. ಎಲ್ಲಕ್ಕಿಂತ ಮೇಲೆ 'ಮುಖಪುಟ' ಎಂದು ಬರೆದು ಅಕ್ಕನ ಹೆಸರು ಹಾಕಿದಳು. ಒಂದು ಗಳಿಗೆ ತಡೆದು, ಅದರ ಮುಂದೆ 'ದ್ವಿತೀಯ ವರ್ಷ' ಎಂದು ಸೇರಿಸಿದಳು.

ಸಂಚಿಕೆಯ ಹೊಣೆ ಹೊತ್ತಿದ್ದ ಮೇಡಂ, ಕಾಗುಣಿತ ತಪ್ಪಿದ್ದರೆ ಪ್ರಾಂಶುಪಾಲರ ಸಂದೇಶವನ್ನೂ ಹಿಂದಕ್ಕೆ ಕಳಿಸುವವರು. ಮರುದಿನ ಅವರು ಮುಖಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ನೋಡುತ್ತಲೇ ಇದ್ದರು. ಕಾಫಿ ಆರಿಹೋಯಿತು. ಆಮೇಲೆ ಪರಿವಿಡಿಯ ಮೇಲೆ ಬೆರಳಿಟ್ಟರು.

"ಇದು ಯಾರಮ್ಮ? ದ್ವಿತೀಯ ವರ್ಷದಲ್ಲಿ ಈ ಹೆಸರಿನೋರನ್ನ ನಾನು ನೋಡೇ ಇಲ್ವಲ್ಲ?"

"ನಮ್ಮಕ್ಕ, ಮೇಡಂ. ಮಧ್ಯದಲ್ಲೇ ಬಿಟ್ಳು. ಆಗಿನ್ನೂ ನೀವು ಇಲ್ಲಿಗೆ ಬಂದಿರ್ಲಿಲ್ಲ."

"ಬಿಟ್ಮೇಲೆ ವಿದ್ಯಾರ್ಥಿ ಹೇಗಾಗ್ತಾಳೆ? ಹೊರಗಿನೋರ ಚಿತ್ರ ಹಾಕೋಕಾಗಲ್ಲ. ಬೇರೆ ಬರೆಸು."

"ಬಿಟ್ಟಿದ್ದು ನಿಜ ಮೇಡಂ. ಆದ್ರೆ ಅವಳು ಈಗ್ಲೂ ಬರ್ತಿರ್ತಾಳೆ," ಎಂದಳು ತಂಗಿ. ಮತ್ತೆ, ಒಂದೇ ಉಸಿರಿಗೆ ಅಕ್ಕನ ಕನಸನ್ನು ಹೇಳಿ ಮುಗಿಸಿದಳು.

ಮೇಡಂ ಕನ್ನಡಕ ತೆಗೆದರು. ಕನ್ನಡಕವಿಲ್ಲದ ಅವರ ಮುಖ ಬೇರೆ ಯಾರದೋ ಮುಖದಂತೆ ಮೆತ್ತಗೆ ಕಂಡಿತು. "ನಂಗೂ ಒಂದು ಬೀಳುತ್ತೆ. ಪಾಠ ಮಾಡೋಕೆ ನಿಂತಿರ್ತೀನಿ, ಪುಸ್ತಕ ತೆಗೆದ್ರೆ ಹಾಳೆಯೆಲ್ಲ ಖಾಲಿ. ಮಕ್ಕಳು ನನ್ನೇ ನೋಡ್ತಿರ್ತಾರೆ." ಮತ್ತೆ ಕನ್ನಡಕ ಏರಿಸಿದರು. "ಪರಿವಿಡಿಯಲ್ಲಿ ಸುಳ್ಳು ಅಚ್ಚು ಹಾಕೋಕೆ ನಾನು ಬಿಡಲ್ಲ. ಆದ್ರೆ ಸಂಜೆ ತರಗತಿಗೆ ಇನ್ನೂ ಸೇರಿಸ್ಕೊಳ್ತಿದಾರೆ. ಬಿಟ್ಟಲ್ಲಿಂದಲೇ ಮುಂದುವರಿಸಬಹುದು. ಅವಳು ಸೇರ್ಲಿ, ಈ ಸಾಲು ನಿಜ ಆಗುತ್ತೆ. ಅಚ್ಚಿಗೆ ಹೋಗೋದನ್ನ ಅಲ್ಲೀವರೆಗೆ ನಾನು ತಡೀತೀನಿ."

ಸುದ್ದಿ ಕೇಳಿದ ಅಕ್ಕ ಮೊದಲು ಸಿಡುಕಿದಳು. "ನನ್ನ ಕನಸನ್ನ ಊರಿಗೆಲ್ಲ ಸಾರಿ ಬಂದ್ಯಾ? ಈ ವಯಸ್ಸಲ್ಲಿ ಬೆಂಚಿನ ಮೇಲೆ ಹೋಗಿ ಕೂತ್ರೆ ನೋಡಿದೋರು ನಗಲ್ವಾ? ಅಂಗಡಿ ಯಾರು ನೋಡ್ಕೋತಾರೆ?" ಎಂದು ಹೊಲಿಗೆ ಯಂತ್ರವನ್ನು ಒಂದೇ ಸಮನೆ ತುಳಿದಳು. ಅಂಗಿಯ ತೋಳು ತಿರುಗಾಮುರುಗಾ ಕೂತಿತು.

ಕೋಲೂರಿಕೊಂಡು ಅಮ್ಮ ಒಳಗಿನಿಂದ ಬಂದಳು. ತಪ್ಪಿದ ತೋಳನ್ನು ಮಗಳ ಕೈಯಿಂದ ತೆಗೆದುಕೊಂಡು ಹೊಲಿಗೆ ಬಿಚ್ಚತೊಡಗಿದಳು. "ಸಂಜೆ ಗಿರಾಕಿಗಳನ್ನ ನಾನು ನೋಡ್ಕೋತೀನಿ. ಮುರಿದಿದ್ದು ನನ್ನ ಸೊಂಟ, ಬಾಯಲ್ಲ."

ವಾರದ ಕೊನೆಯಲ್ಲಿ ಅಕ್ಕ ಕಾಲೇಜಿಗೆ ಸೇರಿದಳು. ಮೇಡಂ ಅವಳೆದುರೇ ಪರಿವಿಡಿಯನ್ನು ಇನ್ನೊಮ್ಮೆ ಓದಿ, ಒಂದಕ್ಷರವನ್ನೂ ತಿದ್ದದೆ ಅಚ್ಚಿಗೆ ಕಳಿಸಿದರು.

ಅಕ್ಕತಂಗಿ ಹೊರಬಂದಾಗ ಸಂಜೆಯ ಬಿಸಿಲು ರಸ್ತೆಯನ್ನು ನೀರಿನಂತೆ ಹೊಳೆಯಿಸುತ್ತಿತ್ತು. ಅಕ್ಕ ಮೆಲ್ಲಗೆ ಕಾಲಿಡುತ್ತ ನಡೆಯುತ್ತಿದ್ದಳು.

"ಯಾಕೆ ಮುಖ ಸಪ್ಪಗಿದೆ? ಖುಷಿ ಆಗ್ಲಿಲ್ವಾ?" ಎಂದಳು ತಂಗಿ.

"ಆಯ್ತು ಕಣೆ, ತುಂಬಾ ಆಯ್ತು." ಅಕ್ಕ ತಿರುಗಿ ಒಮ್ಮೆ ಕಾಲೇಜಿನ ಕಿಟಕಿಗಳತ್ತ ನೋಡಿದಳು. "ಆದ್ರೆ ಎಚ್ಚರದಲ್ಲೇ ಅಲ್ಲಿಗೆ ಹೋಗ್ಬಿಟ್ರೆ, ಇನ್ಮೇಲೆ ನಿದ್ದೇಲಿ ನಾನು ಎಲ್ಲಿಗೆ ಹೋಗ್ಲಿ?"