ಏಳು ಜನರ ಸಂಘ

ಒಂದಾನೊಂದು ಕಾಲದಲ್ಲಿ, ಅಂದರೆ ಹೋದ ಕಾರ್ತೀಕದಲ್ಲಿ, ಸೂಳೆಕೆರೆ ಏರಿಯ ಮೇಲೆ ಏಳು ಜನ ಅಂಜುಬುರುಕರು ಮೀನಿನ ಅಂಗಡಿಯ ಹಿಂದೆ ಅಡಗಿ ಕೂತಿದ್ದರು. ಏಳು ಜನರಲ್ಲಿ ಒಬ್ಬರೂ ಮೀನು ಮುಟ್ಟುವವರಲ್ಲ. ಅದಕ್ಕೇ ಆ ಜಾಗ. ಇಲ್ಲಿಗೆ ಬಂದು ತಮ್ಮನ್ನು ಯಾರೂ ಹುಡುಕುವುದಿಲ್ಲ ಎಂಬ ಧೈರ್ಯ.

ಏಳೂ ಜನ ಅಡಿಕೆ ಸುಲಿಯುವ ಶೆಡ್ಡುಗಳನ್ನೇ ನಂಬಿ ಬದುಕುವವರು. ಚನ್ನಗಿರಿಯ ಮಹೇಶ್ವರಪ್ಪ, ಹೊನ್ನಾಳಿಯ ವಿನಯ್ ಕುಮಾರ್, ಜಗಳೂರಿನಿಂದ ಎರಡು ಬಸ್ಸು ಬದಲಿಸಿ ಬಂದ ಚಿತ್ತಪ್ಪ, ನ್ಯಾಮತಿ ಕಡೆಯ ಮೂವರು. ಏಳನೆಯವನು ಬಸವಾಪಟ್ಟಣದ ರೇವಣ್ಣ. ಅವನು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡಿದ್ದ. ಮೀನಿನ ವಾಸನೆಗೋ, ಭಯಕ್ಕೋ, ಅವನಿಗೇ ತಿಳಿಯಲಿಲ್ಲ.

“ಆಯಮ್ಮಂಗೆ ಗೊತ್ತಾಗಿಲ್ಲ ತಾನೆ?” ಮಹೇಶ್ವರಪ್ಪ ಪಿಸುಗುಟ್ಟಿದರು.

“ನಾನು ಹೆಂಡ್ತಿಗೂ ಹೇಳಿಲ್ರಿ,” ಎಂದ ಚಿತ್ತಪ್ಪ. “ಮದುವೆ ಊಟಕ್ಕೆ ಅಂತ ಹೇಳಿ ಬಂದೀನಿ.”

ಆಯಮ್ಮ ಎಂದರೆ ಹನುಮಂತಮ್ಮ. ಬಸವಾಪಟ್ಟಣದಿಂದ ಜಗಳೂರಿನವರೆಗೆ ಆಕೆ ಬೆರಳೆತ್ತಿದರೆ ಶೆಡ್ ಬಂದ್, ಬೆರಳಿಳಿಸಿದರೆ ಶುರು. ಈಗ ನೋಡಿದರೆ ಕೊಯ್ಲಿನ ಕಾಲ. ನಾಲ್ಕು ದಿನ ಬಾಗಿಲು ಬಿದ್ದರೆ ರೇವಣ್ಣನ ಮನೆಯ ವರ್ಷದ ಕೂಳು ಹೋದಂತೆ.

ಹಾಗಂತ ಆಕೆ ಕೂಗಾಡುವವಳಲ್ಲ. ಒಂದೊಂದೇ ಶೆಡ್ಡಿಗೆ ಬಂದು ಒಬ್ಬೊಬ್ಬರನ್ನೇ ಒಳಗೆ ಕರೆಯುತ್ತಿದ್ದಳು, ಅಷ್ಟೆ. ಹಿಂದಿನ ವರ್ಷ ಮೊದಲು ಕರೆದದ್ದು ಚಿತ್ತಪ್ಪನನ್ನು. ಮೀಸೆ ತಿರುವಿಕೊಂಡು ಹೋದವನು ತೊಯ್ದ ಬೆಕ್ಕಿನ ಹಾಗೆ ಹೊರಗೆ ಬಂದ. ಆಕೆ ಹೇಳಿದ್ದಕ್ಕೆಲ್ಲ ಸಹಿ ಹಾಕಿದ್ದ. ಆಮೇಲೆ ಉಳಿದವರ ಸರದಿ. “ಚಿತ್ತಪ್ಪೋರೇ ಒಪ್ಯಾರೆ, ನಿಮಗೇನ್ರಿ ಕಷ್ಟ?” ಅಷ್ಟೇ ಮಾತು. ಏಳೂ ಜನ ಸಾಲಾಗಿ ಬಿದ್ದಿದ್ದರು.

“ಒಬ್ಬೊಬ್ಬರೇ ಹೋದ್ರೆ ಹಿಂಗೇ ಆಗೋದು,” ವಿನಯ್ ಕುಮಾರ್ ಮೊಬೈಲ್ ತೆರೆದ. ಏಳು ಜನರಲ್ಲಿ ಅವನೇ ಕಿರಿಯ, ಓದಿಕೊಂಡವನು. “ನಾವೂ ಸಂಘ ಕಟ್ಟಾಣ. ಏಳು ಜನ ಇದ್ರೆ ನೋಂದಣಿಗೆ ಅರ್ಜಿ ಹಾಕ್ಬಹುದು. ಕಾಯ್ದೆನಾಗೇ ಐತೆ ನೋಡ್ರಿ.”

“ನಮ್ಮಂಥೋರಿಗೂ ಐತಾ ಅದು?” ರೇವಣ್ಣನಿಗೆ ನಂಬಿಕೆಯಾಗಲಿಲ್ಲ.

“ನಮ್ಮಂಥೋರಿಗೂ ಐತೆ.”

ಏಳು ಸಹಿ ಬಿದ್ದವು. ಇನ್ನುಳಿದದ್ದು ಒಂದೇ ಕೆಲಸ. ಹನುಮಂತಮ್ಮನ ಎದುರು ನಿಂತು ಇದನ್ನು ಹೇಳಬೇಕು. ಹೇಳುವವರು ಯಾರು? ಚೀಟಿ ಎತ್ತಿದರು. ರೇವಣ್ಣನ ಹೆಸರು ಬಂತು. ಚೀಟಿ ಬರೆದವರು ಮಹೇಶ್ವರಪ್ಪ. ಏಳೂ ಚೀಟಿಯಲ್ಲಿ ತನ್ನ ಹೆಸರೇ ಇತ್ತೆಂಬ ಅನುಮಾನ ರೇವಣ್ಣನಿಗೆ ಇವತ್ತಿಗೂ ಇದೆ.

“ಮಾತು ಕೊಡ್ರಿ,” ಎಂದರು ಆರೂ ಜನ. ಕೊಟ್ಟ.

ಮನೆಗೆ ಬಂದವನು ಕನ್ನಡಿ ಮುಂದೆ ನಿಂತ. “ಹನುಮಂತಮ್ಮೋರೇ, ಇನ್ಮೇಲೆ ಮಾತು ಒಬ್ಬೊಬ್ಬರ ಜೊತೆ ಅಲ್ಲ, ಸಂಘದ ಜೊತೆ.” ಬಚ್ಚಲಲ್ಲಿ ಇನ್ನೊಮ್ಮೆ ಹೇಳಿದ. ಊಟಕ್ಕೆ ಕೂತು ರೊಟ್ಟಿಗೂ ಹೇಳಿದ.

“ಯಾರ ಜೊತೆ ಮಾತಾಡ್ತಿದೀರಿ?” ಹೆಂಡತಿ ಪ್ರೇಮಮ್ಮ ಕೇಳಿದಳು.

“ಯಾರ ಜೊತೆನೂ ಇಲ್ಲ ಕಣೆ.”

“ಮತ್ತೆ ಯಾಕೆ ಬೆವರ್ತೀರಿ? ಆಯಮ್ಮನ ಮುಂದೆ ನಿಂತ್ಕೊಳ್ಳಾಕೇ ಆಗಲ್ಲ ನಿಮಗೆ. ಮಾತಾಡ್ತಾರಂತೆ ಮಾತು!” ಎಂದು ಪಲ್ಯ ಬಡಿಸಿ ಹೋದಳು.

ಮರುದಿನ ಬೆಳಿಗ್ಗೆ ಏಳೂ ಜನ ಬಸವಾಪಟ್ಟಣದ ಶೆಡ್ಡಿನ ಮುಂದೆ ಸೇರಿದರು. ರೇವಣ್ಣ ಇಪ್ಪತ್ತು ವರ್ಷದಿಂದ ದಿನಾ ದಾಟಿದ ಹೊಸಿಲು ಅದು. ಅವತ್ತು ಮೊಣಕಾಲೆತ್ತರ ಕಂಡಿತು. ಚಪ್ಪಲಿ ಬಿಟ್ಟರು. ಎಂದೂ ಬಿಟ್ಟವರಲ್ಲ. ಯಾಕೆ ಬಿಟ್ಟರೋ ಅವರಿಗೇ ಗೊತ್ತಿಲ್ಲ. ಚಿತ್ತಪ್ಪ ಎಲ್ಲರಿಗಿಂತ ಹಿಂದೆ, ಓಡಲು ಅನುಕೂಲವಾಗುವಂತೆ ನಿಂತ.

ಒಳಗೆ ಕಟಕಟ ಸದ್ದು, ಹಸಿ ಅಡಿಕೆಯ ಒಗರು ವಾಸನೆ. ಹನುಮಂತಮ್ಮ ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದಳು. ತಿರುಗಿ ಕೂಡ ನೋಡಲಿಲ್ಲ.

“ಯಾರು, ರೇವಣ್ಣೋರಾ? ಬರ್ರಿ. ಉಳಿದೋರು ಹೊರಗಿರ್ಲಿ. ಒಬ್ಬೊಬ್ಬರೇ ಮಾತಾಡಾಣ.”

ರೇವಣ್ಣ ಒಂದು ಹೆಜ್ಜೆ ಹಿಂದೆ ಸರಿದ. ಹಿಂದಿನಿಂದ ಮಹೇಶ್ವರಪ್ಪ ತಿವಿದರು.

“ಹನುಮಂತಮ್ಮೋರೇ... ಇನ್ಮೇಲೆ ಮಾತು... ಒಬ್ಬೊಬ್ಬರ ಜೊತೆ ಅಲ್ರಿ. ಸಂಘದ ಜೊತೆ.”

ಕಟಕಟ ನಿಂತಿತು.

“ಸಂಘಾನಾ?” ಹನುಮಂತಮ್ಮ ನಿಧಾನಕ್ಕೆ ತಿರುಗಿದಳು. “ಯಾರು ಕಲಿಸಿದ್ರು ನಿಮಗೆ ಇದನ್ನ?”

“ನೀವೇ ರೀ,” ಎಂದುಬಿಟ್ಟ ರೇವಣ್ಣ. “ಏಳು ಸಹಿ ಐತೆ. ಮಾತಾಡಿದ್ರೆ ಏಳೂ ಜನ, ಸಹಿ ಹಾಕಿದ್ರೆ ಏಳೂ ಜನ.”

ಆಕೆ ನಕ್ಕಳು. ಸಿಟ್ಟಿನ ನಗುವಲ್ಲ, ಭಾರ ಇಳಿಸಿದವರ ನಗು. “ಮೂರು ವರ್ಷದಿಂದ ಏಳು ಬಾಗಿಲು ತಿರುಗಿ ನನ್ನ ಮಂಡಿ ಚಿಪ್ಪು ಸವೆದು ಹೋತು. ಮೊದ್ಲೇ ಮಾಡಾಕೆ ಏನಾಗಿತ್ರಿ ನಿಮಗೆ?”

ಕೊಟ್ಟ ಮಾತು ನಡೆಸಿಕೊಟ್ಟಾಗಿತ್ತು. ರೇವಣ್ಣ ಉಸಿರು ಬಿಟ್ಟ.

ಹನುಮಂತಮ್ಮ ಸುಲಿಯುತ್ತಿದ್ದ ಅಡಿಕೆಯನ್ನು ಬುಟ್ಟಿಗೆ ಹಾಕಿ, ಕತ್ತಿಯನ್ನು ಪಕ್ಕಕ್ಕಿಟ್ಟು, ಕರೆ ಹತ್ತಿ ಕಪ್ಪಾದ ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡು, ಸಾಲಾಗಿ ಕೂತಿದ್ದ ಸುಲಿಯುವ ಹೆಂಗಸರತ್ತ ಕೂಗಿದಳು: “ಕಸ್ತೂರಮ್ಮಾ, ನಮ್ಮ ಸಂಘದ ಬುಕ್ಕು ತಗಂಬಾರೆ, ಸಾವ್ಕಾರ್ರೂ ಕೊನೆಗೆ ಸಂಘ ಕಟ್ಕೊಂಡು ಬಂದವ್ರೆ!”