ಗುರುತು ಸಿಗದ ಬಿಡಾರ

ಮಸಿ ಹಿಡಿದ ಒಂದೇ ಒಂದು ಕಲ್ಲನ್ನಾದರೂ ತೋರಿಸಿ ಎಂದು ಅರಣ್ಯ ಕಚೇರಿಯ ರೆನೀ ಕಡಾಟ್ ಮೂರನೆಯ ಸಲ ಕೇಳಿದಳು. ಲೆಂಪಿ ಮೂರನೆಯ ಸಲವೂ ಇಲ್ಲವೆಂದು ತಲೆಯಾಡಿಸಿದಳು. ಮೂವತ್ತೆಂಟು ವರ್ಷ, ಪ್ರತಿ ಸೆಪ್ಟೆಂಬರಿನಲ್ಲಿ ಒಂಬತ್ತು ದಿನ, ಅವಳೂ ಗಂಡ ಅರ್ವೊನೂ ಡೇರೆ ಹಾಕಿದ ನೆಲ ಅದು. ಮಿಶಿಗನ್ನಿನ ಬಡಗಣ ಕಾಡಿನಲ್ಲಿ, ಮಣ್ಣುದಾರಿ ಮುಗಿಯುವಲ್ಲಿಂದ ಇನ್ನೂರು ಹೆಜ್ಜೆ ಒಳಗೆ. ಈಗ ನೋಡಿದರೆ ಅಲ್ಲಿ ಮರಗಳು ಉದುರಿಸಿದ ಸೂಜಿಯೆಲೆ ಬಿಟ್ಟು ಬೇರೇನೂ ಇರಲಿಲ್ಲ.

ಆ ಮಣ್ಣುದಾರಿಯ ಮೋರಿ ಹಿಮ ಕರಗಿದ ನೀರಿಗೆ ಕುಸಿದಿತ್ತು. ಇವತ್ತು ಹಲಗೆ ಹಾಸಿ, ಮೂವರನ್ನೂ ಹೊತ್ತು ರೆನೀಯ ಜೀಪು ಹೇಗೋ ದಾಟಿ ಬಂದಿತ್ತು. ದಾರಿಯ ಕೊನೆಯಲ್ಲಿ ಜನ ತಂಗುವ ಜಾಗ ಒಂದಾದರೂ ಇದ್ದರೆ ಕಚೇರಿ ಮೋರಿ ಕಟ್ಟಿಸುತ್ತದೆ, ಇಲ್ಲದಿದ್ದರೆ ಬಂಡೆ ಉರುಳಿಸಿ ದಾರಿಯನ್ನೇ ಮುಚ್ಚಿಬಿಡುತ್ತದೆ. ಮುಚ್ಚಿದರೆ ಇಲ್ಲಿಗೆ ನಾಲ್ಕು ಮೈಲಿ ನಡಿಗೆ. ಅರ್ವೊನ ಸೊಂಟದ ಕೀಲು ಸವೆದು ಎರಡು ವರ್ಷವಾಗಿತ್ತು.

"ನಿಮ್ಮ ಮಾತಲ್ಲಿ ನಂಗೆ ನಂಬಿಕೆ ಇದೆ ಅಜ್ಜಿ. ಆದ್ರೆ ನಂಬಿಕೆ ಬರೆಯೋಕೆ ಈ ಹಾಳೇಲಿ ಜಾಗ ಇಲ್ಲ," ಎಂದಳು ರೆನೀ. "ಫೋಟೋ ಏನಾದ್ರೂ ಇದೆಯಾ?"

"ರಾಶಿ ಇವೆ," ಎಂದ ಅರ್ವೊ, ಬಿದ್ದ ಮರದ ಮೇಲೆ ಕಾಲು ಚಾಚಿ ಕೂತು. "ಎಲ್ಲಾದ್ರಲ್ಲೂ ನಾನು ಮೀನು ಹಿಡ್ಕೊಂಡು ನಿಂತಿದೀನಿ. ಹಿಂದೆ ಮರ."

"ಮರ ಎಲ್ಲಾ ಕಡೆ ಇರುತ್ತೆ ತಾತ."

"ಅದಕ್ಕೇ ಹಾಗೆ ತೆಗೆಸಿದ್ದು. ಜಾಗ ಯಾರಿಗೂ ಗೊತ್ತಾಗಬಾರದಲ್ಲ."

"ಸಾಕ್ಷಿ ಹೇಳೋರು ಯಾರಾದ್ರೂ?"

ಲೆಂಪಿಗೆ ನಗು ಬಂತು. ಆ ಸೀಮೆಯವರು ಮನೆಯ ಬೀಗದಕೈಯನ್ನು ಬೇಕಾದರೆ ನೆರೆಯವರ ಕೈಗೆ ಕೊಟ್ಟಾರು, ಬಿಡಾರದ ಜಾಗ ಮಾತ್ರ ಒಡಹುಟ್ಟಿದವರಿಗೂ ಹೇಳರು. "ನನ್ನ ತಮ್ಮ ಹನ್ನೊಂದು ವರ್ಷ ಹುಡುಕಿದ ಕಣಮ್ಮಾ. ಒಂದ್ಸಲ, ಹೆಮ್ಲಾಕ್ ಮರದ ಕೆಳಗೆ ಕೂತು ರೊಟ್ಟಿ ತಿಂದೆ, ಅಲ್ಲಿ ಮನುಷ್ಯರು ಕಾಲೇ ಇಟ್ಟಿಲ್ಲ ಅಂತ ನಂಗೇ ಬಂದು ಹೇಳಿದ. ನಾವು ಹಿಂದಿನ ದಿನ ತಾನೇ ಡೇರೆ ಕಿತ್ತಿದ್ವಿ."

"ಒಲೆ ಎಲ್ಲಿ ಹೂಡ್ತಿದ್ರಿ?"

"ನಿನ್ನ ಬೂಟಿನ ಕೆಳಗೆ."

ರೆನೀ ಮಂಡಿಯೂರಿ ಸೂಜಿಯೆಲೆ ಸರಿಸಿದಳು, ಬೆರಳಿನಿಂದ ಮಣ್ಣು ಕೆದಕಿದಳು. ಚೂರು ಇದ್ದಿಲೂ ಸಿಗಲಿಲ್ಲ. ಸಿಗುವುದೆಲ್ಲಿಂದ? ಹೊಳೆಯ ಮರಳು ತಂದು ಗೇಣು ದಪ್ಪ ಹಾಸಿ ಅದರ ಮೇಲೆ ಒಲೆ ಹೂಡುವುದು ಅವರ ಪದ್ಧತಿ. ಹೊರಡುವ ದಿನ ಬೂದಿ ಆರಿಸಿ ತೂರಿ, ಮರಳನ್ನು ಹೊಳೆಗೇ ಹೊತ್ತು ಸುರಿದು, ಕಲ್ಲುಗಳನ್ನು ಪಾಚಿಯ ಮಗ್ಗುಲು ಮೇಲೆ ಬರುವಂತೆ ನೀರಿನಲ್ಲಿಟ್ಟು, ಕೊನೆಗೆ ಲೆಂಪಿ ಹಿಮ್ಮುಖವಾಗಿ ನಡೆಯುತ್ತ ಸೊಪ್ಪಿನ ಕೊಂಬೆಯಿಂದ ಹೆಜ್ಜೆಗಳನ್ನೂ ಗುಡಿಸುತ್ತಿದ್ದಳು. ತನ್ನ ಸ್ವಂತ ಮನೆಯ ಅಂಗಳವನ್ನೂ ಅವಳು ಅಷ್ಟು ಚೊಕ್ಕಟವಾಗಿ ಗುಡಿಸಿದ್ದಿಲ್ಲ.

ರೆನೀ ಎದ್ದು ಕೈ ಕೊಡವಿದಳು. "ಒಂದ್ ಕೆಲಸ ಮಾಡ್ತೀನಿ. ಜೀಪಿನ ಹತ್ರ ಹೋಗಿ ಕಾಫಿ ಕುಡಿದು ಬರ್ತೀನಿ. ಅರ್ಧ ಗಂಟೆ. ಬಂದ್ಮೇಲೆ ಏನು ಕಾಣುತ್ತೋ ಅದನ್ನ ಬರೀತೀನಿ," ಎಂದವಳು, ಇಬ್ಬರ ಮುಖವನ್ನೂ ನೋಡದೆ ಹೊರಟುಹೋದಳು.

ಲೆಂಪಿ ದಡ್ಡಿಯಲ್ಲ. ಹೊಳೆಗೆ ಹೋಗಿ ಐದು ಕಲ್ಲು ತಂದಳು, ಬರಿನೆಲದ ಮೇಲೆಯೇ ದುಂಡಗೆ ಜೋಡಿಸಿದಳು, ಪುರಲೆ ಮುರಿದಿಟ್ಟಳು. ಯಾರದೋ ಮನೆಯಲ್ಲಿ ಕದಿಯುತ್ತಿರುವಂತೆ ಒಮ್ಮೆ ಸುತ್ತ ನೋಡಿದಳು. ಕಡ್ಡಿ ಗೀರುವಷ್ಟರಲ್ಲಿ ಅರ್ವೊ ಕೇಳಿದ, "ಏನದು?"

"ಕಾಫಿ ಕಾಸ್ತೀನಿ."

"ಕಾಫಿಪುಡಿ ಎಲ್ಲಿ?"

"ಸುಮ್ನಿರು. ನಾಲ್ಕು ಮೈಲಿ ನಿನ್ನ ಕೈಲಿ ಆಗಲ್ಲ. ಇದೊಂದ್ಸಲ ಒಂದು ಕಲ್ಲು ಕಪ್ಪಾದ್ರೆ ಯಾರ ಗಂಟೂ ಹೋಗಲ್ಲ."

"ಇಷ್ಟು ವರ್ಷ ಮರಳು ಹೊತ್ತಿದ್ದು ಯಾರು?"

"ನೀನು."

"ಹೊತ್ತಿದ್ದು ಇದೇ ಸೊಂಟ. ಈಗ ಇದರ ಹೆಸರು ಹೇಳಿ ನೆಲ ಸುಡಬೇಡ. ಕೊಡು ಇಲ್ಲಿ." ಅವನು ಕೋಲೂರಿ ಎದ್ದ, ಒಂದು ಕಲ್ಲು ಬಗಲಿಗಿಟ್ಟುಕೊಂಡು ಕುಂಟುತ್ತ ಹೊಳೆಯ ಕಡೆ ನಡೆದ. ಲೆಂಪಿಗೆ ಮೈಯೆಲ್ಲ ಉರಿಯಿತು. ಇಂಥ ಹಟಮಾರಿಯನ್ನೇ ಕಟ್ಟಿಕೊಂಡೆನಲ್ಲ ಎಂದು ಅಷ್ಟೇ ಹೆಮ್ಮೆಯೂ ಆಯಿತು. ಪುರಲೆ ಚೆದುರಿಸಿ, ಉಳಿದ ನಾಲ್ಕು ಕಲ್ಲು ಎತ್ತಿಕೊಂಡು ಅವಳೂ ಹಿಂದೆಯೇ ಹೋದಳು.

ರೆನೀ ಹೇಳಿದ ಹೊತ್ತಿಗೆ ಬಂದಳು. ನೆಲ ನೋಡಿದಳು, ಸುತ್ತ ನೋಡಿದಳು, ಮರದ ಮೇಲೆ ಮೈಗೆ ಮೈ ತಾಗಿಸಿ ಕೂತಿದ್ದ ಮುದುಕ ಮುದುಕಿಯನ್ನು ನೋಡಿದಳು. ಉಸಿರು ಬಿಟ್ಟು ಹಾಳೆ ತೆಗೆದು ಬರೆಯತೊಡಗಿದಳು.

"ಏನ್ ಬರೆದೆ, ಗಟ್ಟಿಯಾಗಿ ಓದು," ಎಂದ ಅರ್ವೊ.

"ಸ್ಥಳವನ್ನು ಕೂಲಂಕಷವಾಗಿ ಪರಿಶೀಲಿಸಲಾಯಿತು. ಇಲ್ಲಿ ಮನುಷ್ಯರು ಎಂದಾದರೂ ತಂಗಿದ್ದರು ಎಂಬುದಕ್ಕೆ ಯಾವುದೇ ಗುರುತು ಕಂಡುಬಂದಿಲ್ಲ." ರೆನೀಯ ದನಿ ಕೊನೆಯಲ್ಲಿ ಇಳಿಯಿತು. "ತಪ್ಪು ತಿಳೀಬೇಡಿ. ಮುಂದಿನ ತಿಂಗಳು ದಾರಿ ಮುಚ್ಚುತ್ತಾರೆ."

ಲೆಂಪಿ ಅರ್ವೊನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

"ಇದಕ್ಕೆ ಕಚೇರಿ ಮೊಹರು ಬೀಳುತ್ತಾ ಮಗಳೇ?" ಎಂದು ಕೇಳಿದಳು.

"ಬೀಳುತ್ತೆ ಅಜ್ಜಿ. ಯಾಕೆ?"

"ಹಾಗಾದ್ರೆ ನಮಗೊಂದು ಪ್ರತಿ ಕೊಡು. ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬೇಕು."